ಒಂದು ಹಂಡೆ, ನಲವತ್ತು ಎಲೆ

ತಾಲ್ಲೂಕು ಕೇಂದ್ರವೊಂದರ ಕಾಲೇಜಿನ ಕಂಪ್ಯೂಟರ್ ಲ್ಯಾಬ್. ಒಟ್ಟು ನಲವತ್ತು ಯಂತ್ರಗಳು. ಒಂದರ ಫ್ಯಾನ್ ಕರಕರ ಎನ್ನುತ್ತಿತ್ತು. ಲ್ಯಾಬ್ ಅಟೆಂಡರ್ ಅದರ ಪಕ್ಕದ ತಗಡು ಕಳಚಿ, ಹಳೇ ಪೇಂಟ್ ಬ್ರಷ್ಷಿನಿಂದ ದೂಳು ಗುಡಿಸತೊಡಗಿದರು. ನಾನೂ ಬಗ್ಗಿ ನೋಡಿದೆ. ಮದರ್‌ಬೋರ್ಡ್ ಇತ್ತು, ರ‍್ಯಾಮ್ ಇತ್ತು, ಪವರ್ ಸಪ್ಲೈ ಇತ್ತು. ಹಾರ್ಡ್ ಡಿಸ್ಕ್ ಕೂರಬೇಕಾದ ಗೂಡು ಮಾತ್ರ ಖಾಲಿ. ಅಲ್ಲೊಂದು ಜೇಡ ಬಲೆ ಕಟ್ಟಿಕೊಂಡು ನೆಮ್ಮದಿಯಾಗಿತ್ತು.

“ಡಿಸ್ಕ್ ರಿಪೇರಿಗೆ ಹೋಗಿದೆಯಾ?” ಅಂತ ಕೇಳಿದೆ.

“ಇಲ್ಲ ಸಾರ್, ಇದಕ್ಕೆ ಡಿಸ್ಕೇ ಇಲ್ಲ. ನಲವತ್ತರಲ್ಲಿ ಯಾವುದಕ್ಕೂ ಇಲ್ಲ. ಎಲ್ಲಾ ಅಲ್ಲಿಂದ ಬರುತ್ತೆ,” ಎಂದು ಮೂಲೆಯಲ್ಲಿದ್ದ ಬೀಗ ಹಾಕಿದ ಕಪಾಟು ತೋರಿಸಿದರು. ತಗಡು ಮುಚ್ಚಿ ಗುಂಡಿ ಒತ್ತಿದರು. ಒಂದು ನಿಮಿಷದೊಳಗೆ ಪರದೆಯ ಮೇಲೆ ಲಿನಕ್ಸ್ ಬಂದು ಕೂತಿತ್ತು.

ಡಿಸ್ಕ್ ಕೆಟ್ಟರೆ ಕಂಪ್ಯೂಟರ್ ಏಳುವುದಿಲ್ಲ ಎಂಬುದು ಅದನ್ನು ಬಳಸಿದ ಎಲ್ಲರಿಗೂ ಗೊತ್ತು. ವಿಂಡೋಸ್ ಆಗಲಿ, ಲಿನಕ್ಸ್ ಆಗಲಿ, ಯಂತ್ರವನ್ನು ನಡೆಸುವ ತಂತ್ರಾಂಶದ ಮನೆಯೇ ಡಿಸ್ಕು. ಹಾಗಿರುವಾಗ ಡಿಸ್ಕೇ ಇಲ್ಲದ ಯಂತ್ರ ಎದ್ದದ್ದು ಹೇಗೆ? ‘ಅಲ್ಲಿಂದ’ ಬರುವುದು ಏನು? ನಲವತ್ತು ಯಂತ್ರಗಳೂ ಅದೇ ಒಂದು ಡಿಸ್ಕಿನ ಮೇಲೆ ಬರೆಯತೊಡಗಿದರೆ ಎಲ್ಲವೂ ಕಲಸುಮೇಲೋಗರ ಆಗುವುದಿಲ್ಲವೇ?

ಒಂದು ಅನುಮಾನ ಮೊದಲೇ ತೀರಿಸಿಬಿಡೋಣ. ಲೆಕ್ಕಾಚಾರವನ್ನೆಲ್ಲ ಕಪಾಟಿನೊಳಗಿನ ಸರ್ವರ್ ಮಾಡಿ, ಮೇಜಿನ ಮೇಲಿನ ಪರದೆ ಬರೀ ಚಿತ್ರ ತೋರಿಸುವ ಏರ್ಪಾಡೂ ಒಂದಿದೆ. ಈ ಲ್ಯಾಬಿನಲ್ಲಿ ಹಾಗಿಲ್ಲ. ಇಲ್ಲಿ ಓದುವುದು, ಕೂಡುವುದು, ಕಳೆಯುವುದು ಎಲ್ಲ ಆಯಾ ಯಂತ್ರದ ಸ್ವಂತ ದುಡಿಮೆ. ಸಾಲ ತಂದದ್ದು ಡಿಸ್ಕನ್ನು ಮಾತ್ರ.

ಬೀಜ ಮೊದಲೋ, ಮರ ಮೊದಲೋ

ತಂತಿಯ ಮೂಲಕ ಲಿನಕ್ಸ್ ತರಿಸಿಕೊಳ್ಳಬೇಕಾದರೆ ನೆಟ್‌ವರ್ಕ್ ಕಾರ್ಡನ್ನು ನಡೆಸುವ ವಿದ್ಯೆ ಬೇಕು. ಆ ವಿದ್ಯೆ ಇರುವುದು ಲಿನಕ್ಸಿನ ಒಳಗೆ. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದ ಹಾಗಾಯಿತು. ಕಂಪ್ಯೂಟರ್ ಏಳುವುದಕ್ಕೆ ‘ಬೂಟ್’ ಎಂಬ ಹೆಸರು ಬಂದದ್ದೂ ಇಂಥ ಪೇಚಿನಿಂದಲೇ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನೇ ಮೇಲಕ್ಕೆತ್ತಿಕೊಂಡ ಭೂಪನ ಕುರಿತ ಇಂಗ್ಲಿಷ್ ನುಡಿಗಟ್ಟೇ ಅದರ ಮೂಲ.

ಡಿಸ್ಕ್ ಇರುವ ಹಳೆಯ ಪಿಸಿಯಲ್ಲಿ ಈ ಪೇಚನ್ನು ಬಿಡಿಸುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿ ಅಚ್ಚಾದ ಪುಟ್ಟ ಪ್ರೋಗ್ರಾಮು. ಅದಕ್ಕೆ ಗೊತ್ತಿರುವುದು ಸ್ವಲ್ಪವೇ. ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದಿ, ಅಲ್ಲಿ ಬರೆದಂತೆ ನಡೆ, ಅಷ್ಟೇ. ಆ 512 ಬೈಟು ತನಗಿಂತ ದೊಡ್ಡ ಪ್ರೋಗ್ರಾಮನ್ನು ಕರೆಯುತ್ತದೆ, ಅದು ಇನ್ನೂ ದೊಡ್ಡದನ್ನು. ಕಡ್ಡಿಯಿಂದ ಪುರಲೆಗೆ, ಪುರಲೆಯಿಂದ ಸೌದೆಗೆ ಬೆಂಕಿ ಹತ್ತಿದಂತೆ.

ಡಿಸ್ಕ್ ಇಲ್ಲದಲ್ಲಿ ಕಡ್ಡಿ ಗೀರುವ ಕೆಲಸ ನೆಟ್‌ವರ್ಕ್ ಕಾರ್ಡಿನ ಪಾಲಿಗೆ ಬೀಳುತ್ತದೆ. ಹಿಂದಿನ ಕಾಲದ ಕಾರ್ಡುಗಳ ಮೇಲೆ ಒಂದು ಖಾಲಿ ಸಾಕೆಟ್ ಇರುತ್ತಿತ್ತು. ಅದು ಇಂಥ ಚಿಪ್ಪನ್ನು ಕೂರಿಸುವುದಕ್ಕೆ. ಆ ಚಿಪ್ಪಿನಲ್ಲಿರುವ ಪ್ರೋಗ್ರಾಮಿಗೆ ಲಿನಕ್ಸ್ ಗೊತ್ತಿಲ್ಲ, ವಿಂಡೋಸ್ ಗೊತ್ತಿಲ್ಲ, ಫೈಲು ಫೋಲ್ಡರುಗಳ ಗಂಧವೇ ಇಲ್ಲ. ತಂತಿಯಲ್ಲಿ ಕೂಗುವುದು, ಬಂದದ್ದನ್ನು ಕೇಳಿಸಿಕೊಳ್ಳುವುದು ಇಷ್ಟು ಬಲ್ಲದು. ಇಂಟೆಲ್ ಕಂಪನಿ ಇದಕ್ಕೊಂದು ಏಕರೂಪದ ನಿಯಮಾವಳಿ ರೂಪಿಸಿ, 1999ರಲ್ಲಿ ಅದರ 2.1ನೆಯ ಆವೃತ್ತಿಯನ್ನು ಹೊರತಂದಿತು. ಹೆಸರು ಪಿಎಕ್ಸ್‌ಇ, ಲ್ಯಾಬಿನವರ ಬಾಯಲ್ಲಿ ‘ಪಿಕ್ಸಿ’. ಈಗಿನ ಹೆಚ್ಚಿನ ಮದರ್‌ಬೋರ್ಡುಗಳಲ್ಲಿ ಅದು ಹುಟ್ಟಿನಿಂದಲೇ ಇರುತ್ತದೆ. ನಿಮ್ಮ ಮೇಜಿನ ಮೇಲಿನ ಯಂತ್ರದಲ್ಲೂ ಇರಬಹುದು, ಯಾರೂ ಎಬ್ಬಿಸದೆ ಮಲಗಿರುತ್ತದೆ.

ಹೆಸರಿಲ್ಲದವನ ಡಂಗುರ

ಪಿಕ್ಸಿ ಎಚ್ಚರವಾದಾಗ ಅದರ ಸ್ಥಿತಿ ನಡುರಾತ್ರಿ ಗೊತ್ತಿಲ್ಲದ ಊರಿನಲ್ಲಿ ಬಸ್ಸಿಳಿದವನದು. ತನ್ನ ವಿಳಾಸ ಗೊತ್ತಿಲ್ಲ, ಯಾರನ್ನು ಕೇಳಬೇಕೋ ತಿಳಿಯದು. ಅದರ ಕೈಯಲ್ಲಿರುವುದು ಒಂದೇ ಗುರುತು, ಕಾರ್ಖಾನೆಯಲ್ಲೇ ಕಾರ್ಡಿಗೆ ಕೊಟ್ಟ 48 ಬಿಟ್ಟುಗಳ ಸಂಖ್ಯೆ. ಮ್ಯಾಕ್ ಅಡ್ರೆಸ್ ಎನ್ನುವುದು ಅದನ್ನೇ.

ಇಂಥವನಿಗೆ ಉಳಿದಿರುವ ದಾರಿ ಡಂಗುರ. ತಂತಿಗೆ ಅಂಟಿಕೊಂಡ ಎಲ್ಲರಿಗೂ ಕೇಳುವಂತೆ ಅದು ಸಾರುತ್ತದೆ: “ನನ್ನ ಗುರುತು ಇಂಥದ್ದು. ಯಾರಾದರೂ ನನಗೊಂದು ವಿಳಾಸ ಕೊಡಿ. ನಾನು ಏಳುವುದಕ್ಕೆ ಏನು ಬೇಕೋ ಅದು ಎಲ್ಲಿದೆ ಹೇಳಿ.” ಉಳಿದ ಯಂತ್ರಗಳು ಕೇಳಿಯೂ ಕೇಳದಂತಿರುತ್ತವೆ. ಸರ್ವರ್ ಮಾತ್ರ ತನ್ನ ಪಟ್ಟಿ ನೋಡಿ ಮೂರು ಮಾತು ಹೇಳುತ್ತದೆ. ನಿನ್ನ ವಿಳಾಸ ಇದು, ಹೋಗಿ ಕೇಳಬೇಕಾದವರು ಇವರು, ತರಬೇಕಾದ ಫೈಲಿನ ಹೆಸರು ಇದು.

ಈ ಸವಾಲು-ಜವಾಬಿನ ಪದ್ಧತಿಯನ್ನು 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ‘ಬೂಟ್‌ಪಿ’ ಎಂಬ ಹೆಸರಿನಲ್ಲಿ ಬರೆದಿಟ್ಟರು. ಗಿಲ್ಮೋರ್ ಆಗ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದರು. ಡಿಸ್ಕ್ ಬಲು ದುಬಾರಿಯಾಗಿದ್ದ ಆ ದಿನಗಳಲ್ಲಿ ಆ ಕಂಪನಿ ಡಿಸ್ಕ್ ಇಲ್ಲದ ವರ್ಕ್‌ಸ್ಟೇಷನ್‌ಗಳನ್ನೂ ಮಾರುತ್ತಿತ್ತು. ಬೂಟ್‌ಪಿಯ ಬೇರಿನಿಂದ 1993ರಲ್ಲಿ ಚಿಗುರಿದ್ದು ಡಿಎಚ್‌ಸಿಪಿ. ನಿಮ್ಮ ಫೋನ್ ಮನೆಯ ವೈಫೈಗೆ ಸೇರುವಾಗ ವಿಳಾಸ ಪಡೆಯುವುದೂ ಇದೇ ಡಂಗುರದಿಂದ.

ಡಂಗುರಕ್ಕೊಂದು ಅಪಾಯವಿದೆ, ಯಾರು ಬೇಕಾದರೂ ಓಗೊಡಬಹುದು. ಆ ಲ್ಯಾಬಿನಲ್ಲೇ ಒಂದು ಬೆಳಿಗ್ಗೆ ಅರ್ಧದಷ್ಟು ಯಂತ್ರಗಳು ‘ಪಿಎಕ್ಸ್‌ಇ-ಇ53’ ಎಂಬ ದೂರು ಬರೆದು ನಿಂತುಬಿಟ್ಟವಂತೆ. ವಿಳಾಸ ಸಿಕ್ಕಿತು, ಫೈಲಿನ ಹೆಸರು ಮಾತ್ರ ಯಾರೂ ಹೇಳಲಿಲ್ಲ ಎಂದು ಅದರರ್ಥ. ಅಟೆಂಡರ್ ಗೋಡೆಯುದ್ದಕ್ಕೂ ಕೇಬಲ್ ಹಿಡಿದು ನಡೆದರು. ಕೊನೆಯ ಮೇಜಿನ ಕೆಳಗೆ, ಬ್ಯಾಗಿನ ಮರೆಯಲ್ಲಿ ಮಿಣಮಿಣ ಎನ್ನುವ ವೈಫೈ ರೌಟರ್ ಸಿಕ್ಕಿತು. ಹುಡುಗನೊಬ್ಬ ಫೋನಿಗೆ ಇಂಟರ್ನೆಟ್ ಸಿಗಲೆಂದು ಮನೆಯಿಂದ ತಂದು ಚುಚ್ಚಿದ್ದ. ರೌಟರ್ ತನ್ನ ಮನೆಯಲ್ಲಿ ಮಾಡುವಂತೆ ಇಲ್ಲೂ ಕೇಳಿದವರಿಗೆಲ್ಲ ವಿಳಾಸ ಹಂಚುತ್ತಿತ್ತು. ಪಾಪ, ಅದಕ್ಕೆ ಫೈಲಿನ ಹೆಸರು ಹೇಗೆ ತಿಳಿಯಬೇಕು! ಉತ್ತರ ಕೊಟ್ಟವರನ್ನು ನಂಬುವುದು ಪಿಕ್ಸಿಯ ಹುಟ್ಟುಗುಣ. ಹೀಗಾಗಿ ಈ ಏರ್ಪಾಡನ್ನು ನಂಬಿಗಸ್ತರಷ್ಟೇ ಇರುವ, ನಾಲ್ಕು ಗೋಡೆಯೊಳಗಿನ ನೆಟ್‌ವರ್ಕಿನಲ್ಲಿ ಇಡುವುದು ವಾಡಿಕೆ.

ತುತ್ತು ತುತ್ತಾಗಿ

ಫೈಲಿನ ಹೆಸರು ಸಿಕ್ಕಿದ ಮೇಲೆ ಅದನ್ನು ತರಬೇಕು. ಪಿಕ್ಸಿಯ ಚಿಪ್ಪಿನಲ್ಲಿ ಜಾಗ ಕಡಿಮೆ, ಜಾಣತನವೂ ಕಡಿಮೆ. ಅದಕ್ಕೆ ಹೊಂದುವ ಸಾಗಾಣಿಕೆಯೂ ಸರಳವಾಗಿರಬೇಕು. ಟಿಎಫ್‌ಟಿಪಿ ಎಂಬುದು ಅಂಥದ್ದು. ಅದರ ರೀತಿ ಮಗುವಿಗೆ ಉಣಿಸಿದಂತೆ: 512 ಬೈಟಿನ ಒಂದು ತುತ್ತು ಕೊಡು, ನುಂಗಿತು ಎಂಬ ಸೂಚನೆ ಬರುವ ತನಕ ಕಾಯಿ, ಆಮೇಲೆ ಮುಂದಿನ ತುತ್ತು.

ಇದರಲ್ಲಿ ತಪ್ಪು ಕಡಿಮೆ, ಸಮಯ ಜಾಸ್ತಿ. 50 ಮೆಗಾಬೈಟಿನ ಫೈಲನ್ನು ಹೀಗೆ ತರಬೇಕೆಂದರೆ ಒಂದು ಲಕ್ಷಕ್ಕೂ ಮಿಕ್ಕಿ ತುತ್ತುಗಳು. ತುತ್ತಿನ ಕ್ರಮಸಂಖ್ಯೆಗೆ ಮೀಸಲಾದ ಜಾಗವೂ ಚಿಕ್ಕದು, 65,535ಕ್ಕೆ ಎಣಿಕೆ ಮುಗಿಯುತ್ತದೆ. 512ರಿಂದ ಗುಣಿಸಿದರೆ ಸುಮಾರು 32 ಮೆಗಾಬೈಟು, ಮೂಲ ನಿಯಮದ ಗೆರೆ ಅಲ್ಲಿಗೆ ನಿಲ್ಲುತ್ತದೆ. ತುತ್ತಿನ ಗಾತ್ರ ಹಿಗ್ಗಿಸುವ ಅನುಕೂಲ 1990ರ ದಶಕದಲ್ಲಿ ಸೇರಿತು. ಹಾಗಿದ್ದೂ ಇಪ್ಪತ್ತು ಗಿಗಾಬೈಟಿನ ಡಿಸ್ಕನ್ನು ಈ ದಾರಿಯಲ್ಲಿ ಹೊತ್ತು ತರುವ ಮಾತೇ ಇಲ್ಲ.

ಆದ್ದರಿಂದ ಈ ದಾರಿಯಲ್ಲಿ ಬರುವುದು ಬುತ್ತಿಗಂಟು ಮಾತ್ರ: ಲಿನಕ್ಸಿನ ತಿರುಳಾದ ಕರ್ನೆಲ್, ಜೊತೆಗೆ ಒಂದು ಸಣ್ಣ ಸಲಕರಣೆ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ನೆಟ್‌ವರ್ಕ್ ಕಾರ್ಡಿನ ನಿಜವಾದ ಡ್ರೈವರ್ ಇದೆ, ದೂರದ ಡಿಸ್ಕಿನೊಡನೆ ಮಾತಾಡುವ ಪ್ರೋಗ್ರಾಮ್ ಇದೆ. ಎರಡೂ ರ‍್ಯಾಮಿಗೆ ಬಂದು ಕೂತ ಕ್ಷಣ ಪಿಕ್ಸಿಯ ಕೆಲಸ ಮುಗಿಯಿತು. ಪುರಲೆಗೆ ಬೆಂಕಿ ಹತ್ತಿತು.

ಡಿಸ್ಕ್ ಎಂದರೆ ಏನು?

ಒಗಟಿನ ಕೀಲು ಇಲ್ಲಿದೆ. ಹಾರ್ಡ್ ಡಿಸ್ಕ್ ಎಂದೊಡನೆ ನಮಗೆ ಕಾಣುವುದು ಕೈಯಲ್ಲಿ ಹಿಡಿಯಬಹುದಾದ ಲೋಹದ ಡಬ್ಬಿ. ಕರ್ನೆಲ್ ಕಣ್ಣಿಗೆ ಕಾಣುವುದೇ ಬೇರೆ. ಅದರ ಪಾಲಿಗೆ ಡಿಸ್ಕ್ ಎಂದರೆ ನಂಬರು ಹಾಕಿದ ಗೂಡುಗಳ ಒಂದು ಉದ್ದನೆಯ ಸಾಲು, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗೂಡುಗಳ ಹಾಗೆ. ಒಂದೊಂದು ಗೂಡಿನಲ್ಲಿ 512 ಬೈಟು ಹಿಡಿಯುತ್ತದೆ ಎಂದುಕೊಂಡರೆ 20 ಗಿಗಾಬೈಟಿನ ಡಿಸ್ಕಿನಲ್ಲಿ ಸುಮಾರು 4 ಕೋಟಿ 19 ಲಕ್ಷ ಗೂಡುಗಳಾದವು.

ಕರ್ನೆಲ್ ಡಿಸ್ಕಿಗೆ ಹೇಳುವ ಮುಖ್ಯ ಮಾತು ಎರಡೇ. “ಇಂಥ ಗೂಡಿನಲ್ಲಿ ಇರುವುದನ್ನು ಕೊಡು.” “ಇಂಥ ಗೂಡಿನಲ್ಲಿ ಇದನ್ನು ಇಡು.” ಯಾವ ಫೋಟೋ ಯಾವ ಗೂಡುಗಳಲ್ಲಿದೆ, ಯಾವ ಫೋಲ್ಡರಿನಲ್ಲಿ ಏನಿದೆ ಎಂಬ ಲೆಕ್ಕವೆಲ್ಲ ಕರ್ನೆಲ್ಲಿನದು. ಡಿಸ್ಕಿಗೆ ಅದರ ಗೊಡವೆಯಿಲ್ಲ.

ಈಗ ಯೋಚಿಸಿ. ಈ ಎರಡು ಮಾತಿಗೆ ಸರಿಯಾಗಿ ಉತ್ತರಿಸುವ ಯಾರನ್ನಾದರೂ ಕರ್ನೆಲ್ ಡಿಸ್ಕ್ ಎಂದೇ ನಂಬುತ್ತದೆ. ಉತ್ತರ ಪಕ್ಕದ ಲೋಹದ ಡಬ್ಬಿಯಿಂದ ಬಂದರೇನು, ಮೂವತ್ತು ಅಡಿ ಕೇಬಲ್ಲಿನಾಚೆಯ ಕಪಾಟಿನಿಂದ ಬಂದರೇನು?

ಕಪಾಟಿನ ಸರ್ವರಿನಲ್ಲಿ ಇರುವುದು ಒಂದು ದೊಡ್ಡ ಫೈಲು. ಚೆನ್ನಾಗಿ ಸಿದ್ಧಪಡಿಸಿದ ಡಿಸ್ಕೊಂದರ ಅಷ್ಟೂ ಗೂಡುಗಳನ್ನು ಮೊದಲಿನಿಂದ ಕೊನೆಯ ತನಕ ಸಾಲಾಗಿ ನಕಲು ಮಾಡಿ ಇಟ್ಟದ್ದು. ತಂತ್ರಜ್ಞರು ಡಿಸ್ಕ್ ಇಮೇಜ್ ಎನ್ನುತ್ತಾರೆ, ನಾವು ಪಡಿಯಚ್ಚು ಎನ್ನೋಣ. ಯಂತ್ರ ಕೇಳುವ ಗೂಡಿನ ನಂಬರು ಹಿಡಿದು ಸರ್ವರ್ ಈ ಫೈಲಿನಲ್ಲಿ ಅಷ್ಟು ದೂರ ಎಣಿಸಿ, ಅಲ್ಲಿರುವುದನ್ನು ಕಳಿಸುತ್ತದೆ.

ಈ ಮಾತುಕತೆ ಎಷ್ಟು ಚಿಕ್ಕದೆಂದು ಹತ್ತಿರದಿಂದ ನೋಡಬಹುದು. ಚೆಕ್ ದೇಶದ ಪ್ರೋಗ್ರಾಮರ್ ಪಾವೆಲ್ ಮಾಚೆಕ್ 1997ರಲ್ಲಿ ಲಿನಕ್ಸಿಗೆ ಬರೆದ ಎನ್‌ಬಿಡಿ ಎಂಬ ಪದ್ಧತಿಯಲ್ಲಿ ಯಂತ್ರ ಕಳಿಸುವ ಬೇಡಿಕೆ ಚೀಟಿಯ ಉದ್ದ 28 ಬೈಟು. ಆ ಚೀಟಿಯಲ್ಲಿ ಇದು ಬೇಡಿಕೆ ಎಂಬ ಗುರುತು, ಓದುವುದೋ ಬರೆಯುವುದೋ ಎಂಬ ಸೂಚನೆ, ಎಲ್ಲಿಂದ, ಎಷ್ಟು, ಮತ್ತೊಂದು ಟೋಕನ್ ಸಂಖ್ಯೆ ಇರುತ್ತವೆ. ಟೋಕನ್ ಯಾಕೆ? ದರ್ಶಿನಿಗೆ ಹೋದವರಿಗೆ ಗೊತ್ತು. ಮೊದಲು ಹೇಳಿದ ಮಸಾಲೆ ದೋಸೆಗಿಂತ ಆಮೇಲೆ ಹೇಳಿದ ವಡೆ ಬೇಗ ಬರಬಹುದು. ಯಾವ ಉತ್ತರ ಯಾವ ಬೇಡಿಕೆಯದೆಂದು ಹೊಂದಿಸಲು ಟೋಕನ್ ಬೇಕು. ಇದೇ ವ್ಯವಹಾರವನ್ನು ಇನ್ನಷ್ಟು ಶಿಷ್ಟಾಚಾರದಿಂದ ನಡೆಸುವ ಐಸ್ಕಸಿ ಎಂಬ ನಿಯಮಾವಳಿ 2004ರಲ್ಲಿ ಪ್ರಕಟವಾಯಿತು.

ಇಪ್ಪತ್ತು ಗಿಗಾಬೈಟಿನ ಪಡಿಯಚ್ಚನ್ನು ಯಾರೂ ಪೂರ್ತಿ ಎಳೆದುಕೊಳ್ಳುವುದಿಲ್ಲ ಎಂಬುದೂ ಇಲ್ಲಿ ಅರ್ಥವಾಗುತ್ತದೆ. ಕೋಟಿಗಟ್ಟಲೆ ಗೂಡುಗಳಲ್ಲಿ ಬೇಕಾದವು, ಬೇಕಾದಾಗ ಬರುತ್ತವೆ. ಯಾರೂ ತೆರೆಯದ ಪ್ರೋಗ್ರಾಮಿನ ಗೂಡುಗಳು ಕಪಾಟು ಬಿಟ್ಟು ಕದಲುವುದೇ ಇಲ್ಲ.

ಲಾಡ್ಜಿನ ಇಬ್ಬರು ಗುಮಾಸ್ತರು

ಓದುವುದೇನೋ ಸರಿ. ಬರೆಯುವುದು?

ಒಂದು ಲಾಡ್ಜ್ ಇದೆ, ಎರಡು ಬಾಗಿಲು, ಬಾಗಿಲಿಗೊಬ್ಬ ಗುಮಾಸ್ತ. ಇಬ್ಬರೂ ಬೆಳಿಗ್ಗೆ ಖಾಲಿ ರೂಮುಗಳ ಪಟ್ಟಿಯನ್ನು ತಮ್ಮ ತಮ್ಮ ನೋಟ್‌ಬುಕ್ಕಿಗೆ ಬರೆದುಕೊಂಡು ಕೂತರು. ಒಬ್ಬರಿಗೊಬ್ಬರು ಮಾತಾಡುವುದಿಲ್ಲ. ಮೊದಲನೆಯವನು 17ನೇ ರೂಮು ಖಾಲಿಯೆಂದು ಒಂದು ಸಂಸಾರಕ್ಕೆ ಕೊಟ್ಟ. ಎರಡನೆಯವನ ಪಟ್ಟಿಯಲ್ಲೂ 17 ಖಾಲಿಯೇ. ಅವನು ಅದನ್ನು ಎಣ್ಣೆ ಏಜೆಂಟನೊಬ್ಬನಿಗೆ ಕೊಟ್ಟ. ರಾತ್ರಿ ಹತ್ತಕ್ಕೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಒಂದೇ ಪಡಿಯಚ್ಚಿನ ಮೇಲೆ ಎರಡು ಯಂತ್ರ ಬರೆದರೆ ಆಗುವುದೂ ಇದೇ. ಯಾವ ಗೂಡು ಖಾಲಿ ಎಂಬ ಪಟ್ಟಿಯನ್ನು ಪ್ರತಿ ಕರ್ನೆಲ್ಲೂ ತನ್ನ ರ‍್ಯಾಮಿನಲ್ಲಿ ಇಟ್ಟುಕೊಂಡಿರುತ್ತದೆ. ಆ ಡಿಸ್ಕ್ ತನ್ನೊಬ್ಬನದೇ ಎಂಬುದು ಅದರ ನಂಬಿಕೆ. ಒಬ್ಬನ ಪ್ರಬಂಧ ಇಟ್ಟ ಗೂಡಿನಲ್ಲೇ ಇನ್ನೊಬ್ಬನ ಚಿತ್ರ ಬಂದು ಕೂರುತ್ತದೆ. ಸರ್ವರ್ ತಡೆಯಬಾರದೇ ಎಂದರೆ ಅದಕ್ಕೆ ಕಾಣುವುದು ಗೂಡಿನ ನಂಬರು ಮಾತ್ರ. ಪ್ರಬಂಧ ಯಾವುದು, ಚಿತ್ರ ಯಾವುದು ಎಂದು ಅದಕ್ಕೆ ತಿಳಿಯದು. ಬಹಳ ಹೊತ್ತು ಬೇಡ, ಕೆಲವೇ ನಿಮಿಷಗಳಲ್ಲಿ ಪಡಿಯಚ್ಚು ಹಾಳಾಗಬಹುದು.

ಹಾಗಾದರೆ ಬರೆಯುವುದನ್ನೇ ನಿಷೇಧಿಸೋಣವೇ? ಅದೂ ಆಗದು. ಕಂಪ್ಯೂಟರ್ ಎದ್ದೇಳುವಾಗಲೇ ಹತ್ತಾರು ಕಡೆ ಗೀಚುತ್ತದೆ, ದಿನಚರಿ ಬರೆದುಕೊಳ್ಳುತ್ತದೆ, ತಾತ್ಕಾಲಿಕ ಫೈಲು ತೆರೆಯುತ್ತದೆ. ಕೈ ಕಟ್ಟಿಹಾಕಿದರೆ ಅರ್ಧ ದಾರಿಯಲ್ಲೇ ಮುನಿಸಿಕೊಂಡು ಕೂರುತ್ತದೆ. ನಲವತ್ತು ಯಂತ್ರಕ್ಕೆ ನಲವತ್ತು ಪಡಿಯಚ್ಚು ಇಡೋಣವೆಂದರೆ 800 ಗಿಗಾಬೈಟು ಜಾಗ, ಮತ್ತು ಒಂದು ಪ್ರೋಗ್ರಾಮ್ ಸೇರಿಸಬೇಕಾದಾಗಲೆಲ್ಲ ನಲವತ್ತು ಸಲ ಅದೇ ಕೆಲಸ.

ಹಂಡೆಗೆ ಉಪ್ಪು ಹಾಕಬೇಡಿ

ಬಿಡುಗಡೆಯ ದಾರಿ ನಮ್ಮ ಪಂಕ್ತಿಯೂಟದಲ್ಲಿದೆ. ಸಾರು ಒಂದೇ ಹಂಡೆಯದು. ನಿಮಗೆ ಉಪ್ಪು ಕಡಿಮೆಯಾಯಿತೆಂದು ಎದ್ದುಹೋಗಿ ಹಂಡೆಗೆ ಉಪ್ಪು ಸುರಿಯುವಂತಿಲ್ಲ. ಎಲೆಯ ತುದಿಯಲ್ಲಿ ಬಡಿಸಿದ ಉಪ್ಪನ್ನು ನಿಮ್ಮ ಸಾರಿಗೆ ಕಲಸಿಕೊಳ್ಳಿ. ರುಚಿ ಬದಲಾದದ್ದು ನಿಮ್ಮ ಎಲೆಯಲ್ಲಿ ಮಾತ್ರ. ಪಕ್ಕದವರ ಎಲೆಗೂ ಹಂಡೆಗೂ ಅದರ ಸುಳಿವಿಲ್ಲ.

ಪಡಿಯಚ್ಚು ಹಂಡೆ, ಅದನ್ನು ಓದಲಷ್ಟೇ ಅಪ್ಪಣೆ. ಪ್ರತಿ ಯಂತ್ರಕ್ಕೂ ತನ್ನದೇ ಒಂದು ಎಲೆ, ಅಂದರೆ ತೆಳ್ಳನೆಯ ಮೇಲ್ಪದರ. ಅನೇಕ ಕಡೆ ಅದು ಯಂತ್ರದ ರ‍್ಯಾಮಿನಲ್ಲೇ ಇರುತ್ತದೆ. ಕರ್ನೆಲ್ 5,000ನೇ ಗೂಡಿನಲ್ಲಿ ಏನನ್ನೋ ಬರೆಯಬೇಕೆಂದಾಗ ಹೊಸ ಸರಕು ಹೋಗುವುದು ಮೇಲ್ಪದರಕ್ಕೆ. ‘5,000ನೆಯದು ನನ್ನ ಬಳಿ ಬೇರೆ ಇದೆ’ ಎಂದು ಒಂದು ಸಣ್ಣ ಪಟ್ಟಿಯಲ್ಲಿ ನಮೂದಾಗುತ್ತದೆ. ಮುಂದೆ ಓದುವಾಗ ಮೊದಲು ಆ ಪಟ್ಟಿ ನೋಡು. ಅಲ್ಲಿದ್ದರೆ ಎಲೆಯಿಂದ ತೆಗೆದುಕೋ, ಇಲ್ಲದಿದ್ದರೆ ಹಂಡೆಯಿಂದ ಕೇಳು. ನಿಯಮ ಇಷ್ಟೇ. ಇದಕ್ಕೆ ‘ಬರೆದಾಗಷ್ಟೇ ನಕಲು’ ಎನ್ನಬಹುದು. ತಂತ್ರಜ್ಞರು ಕಾಪಿ ಆನ್ ರೈಟ್ ಎನ್ನುತ್ತಾರೆ.

ಕರ್ನೆಲ್ಲಿಗೆ ಈ ಚಮತ್ಕಾರದ ಅರಿವೇ ಆಗುವುದಿಲ್ಲ. ಇಟ್ಟದ್ದು ಇಟ್ಟಲ್ಲೇ ಸಿಗುತ್ತಿದೆಯಲ್ಲ! ನಲವತ್ತು ಯಂತ್ರಗಳೂ ಇಡೀ ಡಿಸ್ಕ್ ತನ್ನೊಬ್ಬನದೆಂದು ನಂಬಿಕೊಂಡು ಸುಖವಾಗಿರುತ್ತವೆ. ಲಾಡ್ಜಿನ ಗುಮಾಸ್ತರಿಗೆ ಒಂದೊಂದು ಬೇರೆ ಲಾಡ್ಜನ್ನೇ ಕೊಟ್ಟಂತಾಯಿತು, ಅದೂ ಇಟ್ಟಿಗೆ ಖರ್ಚಿಲ್ಲದೆ.

ಪಂಕ್ತಿಯ ಇನ್ನೆರಡು ನಿಯಮಗಳೂ ಇಲ್ಲಿಗೆ ಹೊಂದುತ್ತವೆ. ಊಟದ ನಡುವೆ ಹಂಡೆ ಬದಲಿಸಬಾರದು. ಹಳೆಯ ಪಡಿಯಚ್ಚಿನ ಮೇಲೆ ಹಾಸಿದ ಮೇಲ್ಪದರದ ಕೆಳಗೆ ಹೊಸದನ್ನು ತುರುಕಿದರೆ ಲೆಕ್ಕ ತಾಳೆಯಾಗದು. ಹೊಸ ಪಡಿಯಚ್ಚಿಗೆ ಹೊಸ ಹೆಸರಿಟ್ಟು ಪಕ್ಕದಲ್ಲಿಡಬೇಕು, ಮುಂದಿನ ಪಂಕ್ತಿಯವರು ಅದರಿಂದ ಬಡಿಸಿಕೊಳ್ಳಲಿ. ಇನ್ನೊಂದು, ಮನೆಗೆ ಒಯ್ಯಬೇಕಾದದ್ದನ್ನು ಎಲೆಯ ಮೇಲೆ ಬಿಟ್ಟು ಏಳಬಾರದು. ವಿದ್ಯಾರ್ಥಿಗಳ ಪ್ರಾಜೆಕ್ಟು, ಅಸೈನ್‌ಮೆಂಟುಗಳಿಗೆ ಸರ್ವರಿನಲ್ಲಿ ಬೇರೆಯೇ ಫೋಲ್ಡರ್ ಇರುತ್ತದೆ. ಅಲ್ಲಿ ನಡೆಯುವುದು ಗೂಡಿನ ವ್ಯವಹಾರವಲ್ಲ, ಫೈಲಿನ ವ್ಯವಹಾರ. ಯಾರ ಫೈಲು ಯಾವುದೆಂದು ಸರ್ವರಿಗೇ ಗೊತ್ತಿರುವುದರಿಂದ ಒಬ್ಬರದನ್ನು ಇನ್ನೊಬ್ಬರು ತುಳಿಯುವ ಭಯವಿಲ್ಲ.

ಬೆಳಿಗ್ಗೆ ಹತ್ತರ ನೂಕುನುಗ್ಗಲು

ಬೆಲ್ ಹೊಡೆಯಿತು, ನಲವತ್ತು ಬೆರಳುಗಳು ಒಟ್ಟಿಗೆ ನಲವತ್ತು ಗುಂಡಿ ಒತ್ತಿದವು. ಎದ್ದೇಳಲು ಒಂದೊಂದಕ್ಕೂ 400 ಮೆಗಾಬೈಟು ಬೇಕೆಂದು ಇಟ್ಟುಕೊಳ್ಳಿ, ಒಟ್ಟು 16,000 ಮೆಗಾಬೈಟು. ಸರ್ವರಿನಿಂದ ಹೊರಡುವ ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟು ಹರಿಯುತ್ತದೆ. ಭಾಗಿಸಿದರೆ ಎರಡು ನಿಮಿಷದ ಮೇಲೆ ಎಂಟು ಸೆಕೆಂಡು. ಒಂಟಿಯಾಗಿ ಬೇಗ ಏಳುವ ಯಂತ್ರ ಪಂಕ್ತಿಯಲ್ಲಿ ತಡವಾಗುವುದು ಇದರಿಂದ.

ಸರ್ವರಿನ ಸ್ವಂತ ಡಿಸ್ಕಿಗೂ ಇದು ಹೊರೆಯಲ್ಲವೇ? ಇಲ್ಲೊಂದು ಸಂತೋಷದ ಸಂಗತಿ ಇದೆ. ನಲವತ್ತೂ ಯಂತ್ರಗಳು ಕೇಳುವುದು ಹೆಚ್ಚೂಕಡಿಮೆ ಅವೇ ಗೂಡುಗಳನ್ನು. ಮೊದಲನೆಯದು ಕೇಳಿದಾಗ ಸರ್ವರ್ ಡಿಸ್ಕಿನಿಂದ ಓದಿ, ಒಂದು ಪ್ರತಿಯನ್ನು ತನ್ನ ರ‍್ಯಾಮಿನಲ್ಲಿ ಇಟ್ಟುಕೊಳ್ಳುತ್ತದೆ. ಉಳಿದ ಮೂವತ್ತೊಂಬತ್ತಕ್ಕೆ ರ‍್ಯಾಮಿನಿಂದಲೇ ಬಡಿಸುತ್ತದೆ. ಇಡ್ಲಿ ಬೇಯುವ ತನಕ ಕಾದವನು ಮೊದಲ ಗಿರಾಕಿ, ಮಿಕ್ಕವರಿಗೆ ಪಾತ್ರೆಯಿಂದ ತೆಗೆದು ಕೊಡುವುದಷ್ಟೇ. ಹಂಡೆ ಒಂದೇ ಆದದ್ದರ ಲಾಭ ಇದು. ಹಂಡೆ ಒಂದೇ ಆದದ್ದರ ನಷ್ಟವೂ ಇದೆ. ಕಪಾಟಿನ ಸರ್ವರ್ ಕೆಟ್ಟ ದಿನ ನಲವತ್ತು ಯಂತ್ರಗಳಿಗೂ ಉಪವಾಸ.

ಈ ಉಪಾಯ ಕಾಲೇಜು ಲ್ಯಾಬುಗಳಾಚೆಗೂ ಹಬ್ಬಿದೆ. ಹಲವು ಸೂಪರ್‌ಕಂಪ್ಯೂಟರುಗಳಲ್ಲಿ ಲೆಕ್ಕ ಮಾಡುವ ಸಾವಿರಾರು ಘಟಕಗಳಿಗೆ ಸ್ವಂತ ಡಿಸ್ಕ್ ಇರುವುದಿಲ್ಲ. ಕ್ಲೌಡಿನಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರಿನ ‘ಡಿಸ್ಕ್’ ಕೂಡ ಎಷ್ಟೋ ಸಲ ಆ ಯಂತ್ರದೊಳಗೆ ಇರುವುದೇ ಇಲ್ಲ. ಅಮೆಜಾನ್ ಇಂಥ ದೂರದ ಡಿಸ್ಕುಗಳನ್ನು ಬಾಡಿಗೆಗೆ ಕೊಡತೊಡಗಿದ್ದು 2008ರಲ್ಲಿ. ಗೂಡಿನ ನಂಬರು ಕೇಳುವುದು, ಉತ್ತರ ಪಡೆಯುವುದು, ಬದಲಾದದ್ದನ್ನು ಬೇರೆ ಪದರದಲ್ಲಿ ಇಡುವುದು, ಅಲ್ಲಿಯೂ ಇದೇ ವ್ಯವಹಾರ.

ಅವತ್ತು ನಾನು ಲ್ಯಾಬಿನಿಂದ ಹೊರಡುವ ಹೊತ್ತಿಗೆ ಹುಡುಗಿಯೊಬ್ಬಳು ಗಾಬರಿಯಿಂದ ಓಡಿಬಂದಳು. “ಸಾರ್, ಏನೋ ಒತ್ತಿಬಿಟ್ಟೆ. ಮೆನು ಎಲ್ಲ ಹೋಯ್ತು, ಏನೂ ಓಪನ್ ಆಗ್ತಿಲ್ಲ.”

ಅಟೆಂಡರ್ ಕೂತಲ್ಲಿಂದ ಏಳಲಿಲ್ಲ. “ನಿನ್ನ ಕೆಲಸ ನಿನ್ನ ಫೋಲ್ಡರಲ್ಲಿ ಸೇವ್ ಮಾಡಿದ್ದೀಯಾ? ಹಾಗಾದ್ರೆ ಆಫ್ ಮಾಡಿ ಆನ್ ಮಾಡಮ್ಮ.”

ಯಾವ ಕಾಯಿಲೆಗೂ ಕಂಪ್ಯೂಟರ್ ರಿಪೇರಿಯವರು ಕೊಡುವ ಇದೇ ಮದ್ದನ್ನು ಕೇಳಿ ಕೇಳಿ ನಕ್ಕಿದ್ದೇನೆ. ಆ ದಿನ ನಗು ಬರಲಿಲ್ಲ. ಅವಳು ಗುಂಡಿ ಒತ್ತಿದಳು. ರ‍್ಯಾಮ್ ಖಾಲಿಯಾಯಿತು, ಕೆಟ್ಟದ್ದೆಲ್ಲ ಎಲೆಯ ಜೊತೆ ಮಡಚಿ ಹೋಯಿತು. ಹಂಡೆ ಇದ್ದಂತೇ ಇತ್ತು. ಪರದೆಯ ಮೇಲೆ ಹೊಸ ಎಲೆ ಹಾಸಿದ್ದನ್ನು ನೋಡಿ ಅವಳು ಬೆಂಚಿನಲ್ಲಿ ಕೂತಳು.